ಓರಗಿತ್ತಿ ಕುಡಿದ ಪುಡಿ

ಜಯಲತಾಳಿಗೆ ತನ್ನ ಓರಗಿತ್ತಿ ರಮಿತಾಳನ್ನು ಕಂಡರೆ ಹೊಟ್ಟೆಕಿಚ್ಚು. ಅದು ಮನೆಯವರಿಗೆಲ್ಲ ಗೊತ್ತಿದ್ದ ವಿಷಯ. ರಮಿತಾಳಿಗೆ ಎಷ್ಟು ಗೊತ್ತಿತ್ತೋ ಹೇಳುವುದು ಕಷ್ಟ. ಇಬ್ಬರೂ ಉಡುಪಿ ಕಡೆಯಿಂದ ಅಣ್ಣತಮ್ಮಂದಿರನ್ನು ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದವರು. ಜಯಲತಾಳ ಗಂಡ, ಅಣ್ಣ ಸರ್ವೋತ್ತಮ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ರಮಿತಾಳ ಗಂಡ, ತಮ್ಮ ಹರಿಶ್ಚಂದ್ರ ಮೊದಲು ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವನು, ಆಮೇಲೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿಗೆ ಹೋಗಿ, ಯಾರದೋ ಗೋಡೌನು ನೋಡಿಕೊಳ್ಳುತ್ತಲೇ ತನ್ನದೊಂದು ವ್ಯಾಪಾರ ಹಿಡಿದ.

ಜಯಲತಾ ಮೊದಲು ಬಂದವಳು. ರಮಿತಾ ಮದುವೆಯಾಗಿ ಬಂದಾಗ ಅವಳಿಗೆ ಲೋಕಲ್ ಗಾಡಿ ಹತ್ತುವುದನ್ನು ಕಲಿಸಿದ್ದು ಜಯಲತಾ. ಯಾವ ಕಡೆ ಪ್ಲಾಟ್‌ಫಾರ್ಮ್ ಬರುತ್ತದೆ, ಎಷ್ಟು ಮುಂಚೆ ಬಾಗಿಲಿಗೆ ಬಂದು ನಿಲ್ಲಬೇಕು, ಸೊಪ್ಪಿನವಳ ಹತ್ತಿರ ಮರಾಠಿಯಲ್ಲಿ ಹೇಗೆ ಚೌಕಾಸಿ ಮಾಡಬೇಕು, ಎಲ್ಲವನ್ನೂ ಕೈಹಿಡಿದು ಹೇಳಿಕೊಟ್ಟಳು. ಆ ರಮಿತಾಳೇ ಕೆಲವು ವರ್ಷಗಳಲ್ಲಿ ಕೋಪರಖೈರಣೆಯಲ್ಲಿ ಎರಡು ಬೆಡ್‌ರೂಮಿನ ಮನೆಗೆ ಹೋದಳು. ಜಯಲತಾ ಡೊಂಬಿವಲಿ ಪೂರ್ವದ ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲೇ ಉಳಿದಳು. ಗೃಹಪ್ರವೇಶದ ದಿನ ಅಡುಗೆಮನೆಯ ಕಪ್ಪು ಕಲ್ಲಿನ ಕಟ್ಟೆಯನ್ನು ಕೈಯಿಂದ ಸವರಿ, "ಇದರಲ್ಲಿ ನೀರಿನ ಕಲೆ ಉಳೀತದೆ, ನೋಡ್ತಾ ಇರು" ಎಂದಿದ್ದಳು. ಮುಂದೆ ಆ ಮನೆಗೆ ಹೋದಾಗಲೆಲ್ಲ ಕಲೆ ಹುಡುಕುತ್ತಿದ್ದಳು. ರಮಿತಾ ಅದನ್ನು ಚೆನ್ನಾಗಿ ಉಜ್ಜಿ ಇಟ್ಟಿರುತ್ತಿದ್ದಳು.

ಮನೆಯದ್ದಾದರೂ ಸಹಿಸಬಹುದಿತ್ತು. ಸಹಿಸಲಾಗದೆ ಹೋದದ್ದು ಅತ್ತೆಯ ವಿಷಯ. ಹದಿನೈದು ವರ್ಷ ಅತ್ತೆಯನ್ನು ನೋಡಿಕೊಂಡವಳು ಜಯಲತಾ. ಗಂಜಿಗೆ ಉಪ್ಪು ಎಷ್ಟು, ಸ್ನಾನದ ನೀರು ಎಷ್ಟು ಬಿಸಿ, ಎಲ್ಲ ಅವಳಿಗೇ ಗೊತ್ತು. ಎರಡು ಸಾವಿರದ ಐದರ ಜುಲೈಯಲ್ಲಿ ಮಳೆ ನುಗ್ಗಿ ನೆಲಮಹಡಿಯ ಮನೆಯೊಳಗೆ ಮೊಣಕಾಲಿನವರೆಗೆ ನೀರು ನಿಂತಿತು. "ನಾಲ್ಕು ದಿನ ಅಮ್ಮ ನಮ್ಮಲ್ಲಿರಲಿ" ಎಂದು ಹರಿಶ್ಚಂದ್ರ ಕರೆದುಕೊಂಡು ಹೋದ. ಗೋಡೆ ಒಣಗಿತು, ಸುಣ್ಣ ಬಳಿದಾಯಿತು, ಅತ್ತೆ ಬರಲಿಲ್ಲ. "ಇಲ್ಲಿ ಲಿಫ್ಟ್ ಉಂಟು, ಗಾಳಿ ಉಂಟು, ಇಲ್ಲೇ ಇರ್ತೇನೆ ಮಗಾ" ಎಂದು ಫೋನಿನಲ್ಲಿ ಹೇಳಿದರು. ನಾಲ್ಕು ವರ್ಷದ ನಂತರ ಅಲ್ಲೇ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜಕ್ಕೆ ಊರಿನಿಂದ ಬಂದವರೆಲ್ಲ ರಮಿತಾಳ ಕೈ ಹಿಡಿದು, "ಎಷ್ಟು ಸೇವೆ ಮಾಡಿದೆಯಲ್ಲ ಮಗಳೇ" ಎಂದು ಕಣ್ಣೊರೆಸಿಕೊಂಡರು. ಜಯಲತಾ ಬಾಳೆಲೆ ಹಾಸುತ್ತಿದ್ದಳು. ಅವಳ ಕೈಯನ್ನು ಯಾರೂ ಹಿಡಿಯಲಿಲ್ಲ.

ಹಾಗಿದ್ದೂ ಅವಳ ಪಾಲಿಗೆ ಒಂದು ಸಮಾಧಾನ ಇತ್ತು. ಅದು ರಮಿತಾಳ ಮೊಣಕಾಲು. ಮೈ ಬಂದಂತೆ ರಮಿತಾಳಿಗೆ ಮೊಣಕಾಲು ನೋವು ಶುರುವಾಗಿ, ಎರಡು ಮೆಟ್ಟಿಲು ಹತ್ತುವಾಗಲೂ ಗೋಡೆ ಹಿಡಿಯುವ ಹಾಗಾಯಿತು. ಜಯಲತಾ ಐವತ್ತು ದಾಟಿದರೂ ಡೊಂಬಿವಲಿ ಸ್ಟೇಷನ್ನಿನ ಸೇತುವೆಯನ್ನು ಕೈಚೀಲಗಳ ಸಮೇತ ಒಂದೇ ಉಸಿರಿಗೆ ದಾಟುತ್ತಿದ್ದಳು. ಮುಂಬ್ರಾದ ಗುಡ್ಡದ ಮೇಲಿನ ದೇವಿಗೆ ನವರಾತ್ರಿಯಲ್ಲಿ ಎರಡೂ ಮನೆಯವರು ಒಟ್ಟಿಗೆ ಹೋಗುವ ರೂಢಿ. ರಮಿತಾ ಕೆಳಗೆ ಕುಳಿತು ಎಲ್ಲರ ಚಪ್ಪಲಿ ಕಾಯುತ್ತಿದ್ದಳು. "ಪಾಪ, ಅವಳಿಗೆ ಹತ್ತಲಿಕ್ಕೆ ಆಗುದಿಲ್ಲ" ಎಂದು ಹೇಳಿ ಮೆಟ್ಟಿಲು ಏರುವಾಗ ಜಯಲತಾಳ ಕಾಲಿಗೆ ಇನ್ನಷ್ಟು ಬಲ ಬರುತ್ತಿತ್ತು.

ಎರಡು ಸಾವಿರದ ಹನ್ನೊಂದರ ನವರಾತ್ರಿಯಲ್ಲಿ ರಮಿತಾ ಕೆಳಗೆ ಕೂರಲಿಲ್ಲ.

"ನಾನೂ ಬರ್ತೇನೆ ಅಕ್ಕ" ಎಂದು ಸೆರಗು ಸಿಕ್ಕಿಸಿಕೊಂಡು ನಿಂತಳು.

"ನಿನಗೆ ಕಾಲು?"

"ಈಗ ಎಷ್ಟೋ ವಾಸಿ. ಒಬ್ರು ಡಾಕ್ಟ್ರ ಮದ್ದು ತಗೊಂಡೆ."

ನಿಧಾನವಾಗಿ ಹತ್ತಿದಳು. ನಡುವೆ ಎರಡು ಕಡೆ ನಿಂತಳು ನಿಜ, ಆದರೆ ಹತ್ತಿದಳು. ಕೊನೆಯ ಮೆಟ್ಟಿಲುಗಳಲ್ಲಿ ಜಯಲತಾ ಸ್ವಲ್ಪ ಉಸಿರು ತೆಗೆದುಕೊಳ್ಳಲು ನಿಂತಾಗ ರಮಿತಾ ಅವಳನ್ನು ದಾಟಿ ಮೇಲೆ ಹೋಗಿ, ತಿರುಗಿ ಕೈ ಚಾಚಿ, "ಬನ್ನಿ ಅಕ್ಕ" ಎಂದಳು. ಜಯಲತಾ ಆ ಕೈ ಹಿಡಿಯಲಿಲ್ಲ. ದೇವಿಯ ಎದುರು ನಿಂತಾಗ ಏನು ಬೇಡಿಕೊಳ್ಳಬೇಕೆಂದೂ ಅವಳಿಗೆ ತೋಚಲಿಲ್ಲ.

ಸ್ವಲ್ಪ ದಿನದಲ್ಲೇ ಅತ್ತೆಯ ಆ ವರ್ಷದ ತಿಥಿ ಬಂತು. ಹಿಂದಿನ ದಿನವೇ ಹೋಗಿ ಕೋಪರಖೈರಣೆಯಲ್ಲಿ ಉಳಿದಿದ್ದ ಜಯಲತಾ ಬೆಳಿಗ್ಗೆ ಅಡುಗೆಮನೆಗೆ ಬಂದಾಗ ರಮಿತಾ ಒಂದು ಸಣ್ಣ ಪೊಟ್ಟಣ ಹರಿದು ಪುಡಿಯನ್ನು ಹಾಲಿಗೆ ಸುರಿದು ಕಲಕಿ ಕುಡಿಯುತ್ತಿದ್ದಳು. "ಇದೆಂತ?" ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳಿದರೆ ರಮಿತಾ ಹೇಳುತ್ತಲೂ ಇದ್ದಳು. ಆದರೆ ತಾನು ಗಾಡಿ ಹತ್ತಲು ಕಲಿಸಿದವಳ ಹತ್ತಿರ ತಾನು ಕೇಳಿ ತಿಳಿಯಬೇಕೆ? ರಮಿತಾ ಸ್ನಾನಕ್ಕೆ ಹೋದ ಮೇಲೆ ಜಯಲತಾ ಕಸದ ಬುಟ್ಟಿಯಿಂದ ಆ ಖಾಲಿ ಪೊಟ್ಟಣ ಎತ್ತಿ ಪರ್ಸಿನೊಳಗೆ ಹಾಕಿಕೊಂಡಳು.

ಡೊಂಬಿವಲಿಯ ಔಷಧಿ ಅಂಗಡಿಯವನು ಪೊಟ್ಟಣ ನೋಡಿ, "ವಿಟಮಿನ್ ಡಿ. ಡಾಕ್ಟರ್ ನೇ ಬೋಲಾ ಹೈ ನಾ?" ಎಂದು ಕೇಳಿದ. "ಹಾಂ ಹಾಂ" ಎಂದು, ಡಾಕ್ಟರೇ ಹೇಳಿದ್ದೆಂಬಂತೆ ತಲೆಯಾಡಿಸಿದಳು. ಗಿರಾಕಿಗಳ ಗಲಾಟೆಯಲ್ಲಿ ಅವನು ಮತ್ತೇನೂ ಕೇಳದೆ ಒಂದು ಕಟ್ಟು ಕೊಟ್ಟುಬಿಟ್ಟ. ಜೊತೆಗೆ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿಯನ್ನೂ ಅವಳು ಕೇಳಿ ತೆಗೆದುಕೊಂಡಳು. ರಮಿತಾ ಹಾಲಿನ ಜೊತೆ ಕುಡಿದದ್ದನ್ನು ಕಂಡಿದ್ದಳಲ್ಲ. ಹಾಲು ದಿನಾ ಕುಡಿಯುವ ವಸ್ತು, ಹಾಗಾಗಿ ಪುಡಿಯೂ ದಿನಾ ಎಂದುಕೊಂಡಳು. ಅವಳಿಗೆ ಮೊಣಕಾಲು ನೋವೇ ಇರಲಿಲ್ಲ. ಮುಂದಿನ ವರ್ಷ ಗುಡ್ಡದ ಮೆಟ್ಟಿಲಿನಲ್ಲಿ ಮುಂದೆ ಇರಬೇಕು, ಅಷ್ಟೇ.

ದಿನಾ ಬೆಳಿಗ್ಗೆ ಗಂಡ ಹೋಟೆಲಿಗೆ, ಮಗ ರಂಜನ್ ಆಫೀಸಿಗೆ ಹೋದ ಮೇಲೆ ಒಂದು ಪೊಟ್ಟಣ ಹರಿದು ಹಾಲಿಗೆ ಹಾಕಿ ಕುಡಿಯುತ್ತಿದ್ದಳು. ಖಾಲಿ ಪೊಟ್ಟಣವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಎಸೆಯುತ್ತಿದ್ದಳು. ಕಟ್ಟು ಮುಗಿದರೆ ಇನ್ನೊಂದು ಕಟ್ಟು. ಒಂದೇ ಅಂಗಡಿಗೆ ಹೋಗುತ್ತಿರಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ತಂಬಿಗೆಗಟ್ಟಲೆ ನೀರು ಕುಡಿದರೂ ನಾಲಿಗೆ ಅಂಟುತ್ತಿತ್ತು. ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ಹೊಟ್ಟೆ ಕಟ್ಟಿ ಕಲ್ಲಾಗುತ್ತಿತ್ತು. ಮೀನು ಹುರಿಯುವ ವಾಸನೆಗೆ ವಾಕರಿಕೆ ಬರುತ್ತಿತ್ತು. ಸೀರೆಯ ನೆರಿಗೆ ಹೆಚ್ಚಾಯಿತು, ಬಳೆ ಮೊಣಕೈವರೆಗೆ ಜಾರಿತು. ಪಕ್ಕದ ಮನೆಯ ಮಾನಮ್ಮ ವಿಜಾಪುರದ ಕಡೆಯವಳು, ಮನಸ್ಸಿಗೆ ಬಂದದ್ದನ್ನು ಹೇಳುವವಳು. "ಯಾಕ್ರೀ ಅಕ್ಕಾರ, ಹಿಂಗ್ಯಾಕ ಸೊರಗೀರಿ? ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದಳು.

"ಡಯಟಿಂಗ್ ಮಾಡ್ತಾ ಇದ್ದೇನೆ" ಎಂದಳು ಜಯಲತಾ. ರಮಿತಾಳಿಗಿಂತ ತಾನೀಗ ಅರ್ಧದಷ್ಟಿದ್ದೇನೆ ಎಂಬ ಖುಷಿ ಅವಳಿಗೆ.

ಆದರೆ ತಲೆಯೂ ಮಂಕಾಗತೊಡಗಿತು. ಚಹಾಕ್ಕೆ ಉಪ್ಪು ಹಾಕಿದಳು. ಸೀರೆಗೆ ಫಾಲ್ ಹಚ್ಚಲು ಕುಳಿತವಳು ಸೂಜಿ ಹಿಡಿದುಕೊಂಡೇ ಗೋಡೆ ನೋಡುತ್ತ ಇರುತ್ತಿದ್ದಳು. ಕಲ್ಯಾಣದ ಮಾರ್ಕೆಟ್ಟಿನಿಂದ ತರಕಾರಿ ತರುತ್ತಿದ್ದ ಒಂದು ಮಧ್ಯಾಹ್ನ, ಡೊಂಬಿವಲಿಗೆ ಮೊದಲಿನ ಠಾಕುರ್ಲಿಯಲ್ಲೇ ಇಳಿದು, ಮನೆ ಯಾವ ಕಡೆ ಎಂದು ತಿಳಿಯದೆ ಬೆಂಚಿನ ಮೇಲೆ ಕುಳಿತುಬಿಟ್ಟಳು. ಯಾರೋ ಹೆಂಗಸು ಅವಳ ಮೊಬೈಲಿನಿಂದ ರಂಜನ್‌ಗೆ ಫೋನು ಮಾಡಿದಳು.

ಅವನು ಓಡಿಬಂದು, "ಮಮ್ಮಿ, ಇಧರ್ ಕ್ಯೂಂ ಉತರೀ?" ಎಂದು, ಅವಳು ಅಲ್ಲಿ ಇಳಿದದ್ದು ಯಾಕೆಂದು ತಿಳಿಯದೆ ಕೇಳಿದ. ಊರಿನ ಮಾತು ಅವನಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ.

"ನೀರು ಕೊಡು" ಎಂದಳು ಜಯಲತಾ. ಅಷ್ಟನ್ನೇ ಮತ್ತೆ ಮತ್ತೆ ಹೇಳಿದಳು.

ಡೊಂಬಿವಲಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟು ನೋಡಿ ಅವರ ಮುಖ ಬದಲಾಯಿತು. ಕ್ಯಾಲ್ಸಿಯಂ ಹದಿನಾಲ್ಕೂವರೆ ದಾಟಿತ್ತು, ಹತ್ತೂವರೆಯೊಳಗೆ ಇರಬೇಕಾದದ್ದು.

ಸರ್ವೋತ್ತಮನಿಗೆ ಒಂದು ಕ್ಷಣ ಜೀವ ಬಂದಂತಾಯಿತು. "ಕ್ಯಾಲ್ಸಿಯಂ ಕಡಿಮೆ ಅಲ್ಲ ಅಲ್ವಾ ಡಾಕ್ಟ್ರೇ? ಜಾಸ್ತಿ ಇದ್ರೆ ಒಳ್ಳೇದಲ್ವಾ?"

"ಎಲುಬಿನಲ್ಲಿದ್ದರೆ ಒಳ್ಳೆಯದು. ರಕ್ತದಲ್ಲಿ ಇಷ್ಟಿದ್ದರೆ ಮೂತ್ರಪಿಂಡ ಕೆಡುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಇವತ್ತೇ ದೊಡ್ಡ ಆಸ್ಪತ್ರೆಗೆ ಸೇರಿಸಿ" ಎಂದರು.

ಅವನು ತಮ್ಮನಿಗೆ ಫೋನು ಮಾಡಿದ. ಗಂಟೆಯೊಳಗೆ ಹರಿಶ್ಚಂದ್ರನ ಕಾರು ಬಂತು. ಮುಂದಿನ ಸೀಟಿನಲ್ಲಿ ರಮಿತಾ. ವಾಶಿಯ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಹೇಳಿಟ್ಟು ಬಂದಿದ್ದಳು. ಜಯಲತಾಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ಆ ದಾರಿಯೆಲ್ಲ ಜಯಲತಾಳಿಗೆ ನೆನಪಿಲ್ಲ. ಕಾರಿನೊಳಗೆ ಒಳ್ಳೆಯ ವಾಸನೆ ಇತ್ತು ಎನ್ನುವುದು ಮಾತ್ರ ನೆನಪಿದೆ.

ಆಸ್ಪತ್ರೆಯಲ್ಲಿ ಬಾಟಲಿಯ ಮೇಲೆ ಬಾಟಲಿ ಸಲೈನ್ ಹರಿಸಿದರು. ರಕ್ತದಲ್ಲಿ ಸೇರಿದ್ದನ್ನು ತೊಳೆದು ಹೊರಗೆ ಹಾಕುವ ಮೊದಲ ಮದ್ದು ಅದೇ ನೀರು. ಒಂದೆರಡು ದಿನದಲ್ಲಿ ತಲೆ ತಿಳಿಯಾಯಿತು. ತಲೆ ತಿಳಿಯಾದ ಕೂಡಲೇ ಮೊದಲು ಕಣ್ಣಿಗೆ ಬಿದ್ದದ್ದು ರಮಿತಾ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಜಯಲತಾಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು.

ನರ್ಸು ಬಂದು, "ಇಂಥ ತಂಗಿ ಸಿಗಲು ಪುಣ್ಯ ಮಾಡಿರಬೇಕು ಆಂಟಿ" ಎಂದು ಮರಾಠಿಯಲ್ಲಿ ಹೇಳಿದಳು. ಆಚೆ ಹಾಸಿಗೆಯವಳೂ ಅದನ್ನೇ ಹೇಳಿದಳು. ನೋಡಲು ಬಂದ ನೆಂಟರು ಜಯಲತಾಳನ್ನು "ಹೇಗಿದ್ದೀ?" ಎಂದು ಒಂದು ಮಾತು ಕೇಳಿ, ಆಮೇಲೆ ರಮಿತಾಳ ಕಡೆಗೆ ತಿರುಗಿ, "ನೀನು ಊಟ ಮಾಡಿದ್ದೀಯಾ? ನಿದ್ದೆ ಆಗಿದೆಯಾ?" ಎಂದು ವಿಚಾರಿಸುತ್ತಿದ್ದರು. ಕಾಯಿಲೆ ಬಂದದ್ದು ತನಗೆ, ಹೊಗಳಿಕೆ ಹೋದದ್ದು ಅವಳಿಗೆ. ಜಯಲತಾ ಗೋಡೆಯ ಕಡೆ ಹೊರಳಿ ಮಲಗಿದಳು.

ಅಲ್ಲಿಯ ಡಾಕ್ಟರು ನಡುವಯಸ್ಸಿನ ಹೆಂಗಸು, ಸಾವಕಾಶವಾಗಿ ಬಿಡಿಸಿ ಹೇಳುವವರು. ಕುತ್ತಿಗೆಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ನಾಲ್ಕು ಗ್ರಂಥಿಗಳಿವೆ, ರಕ್ತದ ಕ್ಯಾಲ್ಸಿಯಂ ಅಳತೆ ತಪ್ಪದಂತೆ ನೋಡಿಕೊಳ್ಳುವುದು ಅವುಗಳ ಕೆಲಸ ಎಂದರು. ಕ್ಯಾಲ್ಸಿಯಂ ಏರಿದವರಲ್ಲಿ ಹೆಚ್ಚಿನವರಿಗೆ ಆ ಗ್ರಂಥಿ ಹಾಳಾಗಿರುತ್ತದೆ. ಜಯಲತಾಳ ಗ್ರಂಥಿಗಳು ಮಾತ್ರ ಸುಮ್ಮನೆ ಕುಳಿತಿದ್ದವು. "ಹಾಗಿದ್ದರೆ ಬೇರೆ ಎಲ್ಲಿಂದಲೋ ಬರುತ್ತಿದೆ. ಯಾವುದಾದರೂ ಮಾತ್ರೆ, ಟಾನಿಕ್, ಆಯುರ್ವೇದದ ಪುಡಿ ತೆಗೆದುಕೊಳ್ಳುತ್ತಿದ್ದಿರಾ?"

ರಮಿತಾ ಪಕ್ಕದಲ್ಲೇ ನಿಂತಿದ್ದಳು.

"ಎಂತದೂ ಇಲ್ಲ" ಎಂದಳು ಜಯಲತಾ.

"ನೆನಪು ಮಾಡಿಕೊಳ್ಳಿ. ವಿಟಮಿನ್?"

"ಇಲ್ಲ."

ಪೊಟ್ಟಣದ ನೆನಪು ಅವಳಿಗೆ ಬಾರದೆ ಇರಲಿಲ್ಲ. ಆದರೆ ಆ ಪುಡಿ ರಮಿತಾಳನ್ನು ಗುಡ್ಡ ಹತ್ತಿಸಿತ್ತು. ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ತನ್ನನ್ನು ಹಾಸಿಗೆಗೆ ಹಾಕುತ್ತದೆಯೆ? ಹಾಗೆ ಆಗಲಾರದು ಎಂದು ತನಗೆ ತಾನೇ ಹೇಳಿಕೊಂಡಳು. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಕಸದ ಬುಟ್ಟಿಯ ಕತೆಯೂ ಹೊರಗೆ ಬರುತ್ತದೆ.

ವಿಟಮಿನ್ ಪರೀಕ್ಷೆಗೆ ಕಳಿಸಿದ ರಕ್ತದ ಫಲಿತಾಂಶ ಬರಲು ತಡವಿತ್ತು. ಅಷ್ಟರೊಳಗೆ ಡಾಕ್ಟರು ಸರ್ವೋತ್ತಮನನ್ನು ಹೊರಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಈ ವಯಸ್ಸಿನಲ್ಲಿ ಹೀಗೆ ಏರಿದರೆ ಕ್ಯಾನ್ಸರ್ ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು, ಸ್ಕ್ಯಾನ್ ಮಾಡಬೇಕು, ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಬೇಕು ಎನ್ನುವುದು ಜಯಲತಾಳ ಕಿವಿಗೆ ಬಿತ್ತು. ಗಂಡ ಒಳಗೆ ಬಂದಾಗ ಅವನ ಕನ್ನಡಕ ಕೈಯಲ್ಲಿತ್ತು. "ಎಂತ ಇಲ್ಲ ಮಾರಾಯ್ತಿ, ಸಣ್ಣ ಟೆಸ್ಟ್ ಅಂತೆ" ಎಂದ.

ಆಗಲೂ ಅವಳು ಬಾಯಿ ಬಿಡಲಿಲ್ಲ. ಕ್ಯಾನ್ಸರ್ ಇದೆ ಎಂದು ಕೇಳಿಸಿಕೊಳ್ಳುವುದಕ್ಕಿಂತಲೂ, ನಿನ್ನನ್ನು ನೋಡಿ ನಾನೂ ಕುಡಿದೆ ಎಂದು ರಮಿತಾಳಿಗೆ ಹೇಳುವುದು ಅವಳಿಗೆ ಕಷ್ಟವಾಗಿತ್ತು. ನಂಬಲು ಕಷ್ಟ, ಆದರೆ ಇದ್ದದ್ದು ಹಾಗೇ.

ಮರುದಿನ ಬೆಳಿಗ್ಗೆ ನರ್ಸು ರಕ್ತ ತೆಗೆಯಲು ಜಯಲತಾಳ ಕೈಯ ನರ ತಟ್ಟುತ್ತ ರಮಿತಾಳ ಜೊತೆ ಮರಾಠಿಯಲ್ಲಿ ಹರಟುತ್ತಿದ್ದಳು. ತನ್ನ ತಾಯಿಗೂ ಮೊಣಕಾಲು ನೋವು, ಏನು ಮಾಡಿದರೂ ಕಡಿಮೆಯಾಗುವುದಿಲ್ಲ ಎಂದಳು.

"ನನಗೂ ಹಾಗೇ ಇತ್ತು. ರಕ್ತ ನೋಡಿ ವಿಟಮಿನ್ ಡಿ ಬಹಳ ಕಮ್ಮಿ ಅಂದ್ರು" ಎಂದಳು ರಮಿತಾ. "ವಾರಕ್ಕೊಂದು ಪೊಟ್ಟಣ, ಎರಡು ತಿಂಗಳು. ಆಮೇಲೆ ನಿಲ್ಲಿಸಿ ಅಂದ್ರು, ನಿಲ್ಲಿಸಿದೆ."

"ವಾರಕ್ಕೊಂದಾ?"

ಮಾತು ಜಯಲತಾಳ ಬಾಯಿಂದ ಹೊರಗೆ ಬಿದ್ದೇ ಹೋಗಿತ್ತು. ಅವಳು ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಳು. "ದಿನಾ ಅಲ್ವಾ?"

ರಮಿತಾ ತಿರುಗಿ ನೋಡಿದಳು. ನರ್ಸಿಗೆ ಕನ್ನಡ ತಿಳಿಯದು, ತನ್ನ ಪಾಡಿಗೆ ಟ್ಯೂಬು ತುಂಬಿಕೊಂಡು ಹೊರಗೆ ಹೋದಳು.

"ನೀವು ದಿನಾ ತಗೊಂಡ್ರಾ ಅಕ್ಕ?"

ಜಯಲತಾ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು.

"ಎಷ್ಟು ಸಮಯದಿಂದ?"

"ಅತ್ತೆಯ ತಿಥಿಯಿಂದ."

ರಮಿತಾಳಿಗೆ ಎಲ್ಲವೂ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳ ಮುಖ ಕೆಂಪೇರಿತು. ಇಷ್ಟು ವರ್ಷದಲ್ಲಿ ಜಯಲತಾಳ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲು. "ಕೇಳ್ಬಾರದಿತ್ತಾ ನನ್ನ ಹತ್ರ? ಒಂದು ಮಾತು ಕೇಳ್ಲಿಕ್ಕೆ ನಿಮಗೆ ಎಂತಾಗ್ತಿತ್ತು? ಭಾವ ನಿನ್ನೆ ಕೆಳಗೆ ಪಾರ್ಕಿಂಗಿನಲ್ಲಿ ನಿಂತು ಅತ್ತಿದ್ದಾರೆ, ಗೊತ್ತುಂಟಾ ನಿಮಗೆ?" ಎಂದವಳು ಕಣ್ಣೊರೆಸಿಕೊಂಡು, ಡಾಕ್ಟರನ್ನು ಹುಡುಕಿಕೊಂಡು ಓಡಿದಳು.

ಎಲುಬಿಗೆ ಸೂಜಿ ಹಾಕುವುದು ನಿಂತಿತು. ಮರುದಿನ ಬಂದ ರಿಪೋರ್ಟಿನಲ್ಲಿ ವಿಟಮಿನ್ ಡಿ ಯಂತ್ರದ ಅಳತೆಯನ್ನೇ ಮೀರಿತ್ತು. ಡಾಕ್ಟರು ಗದರಿಸಲಿಲ್ಲ. ಈ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹರಿದು ಹೋಗುವಂಥದ್ದಲ್ಲ, ಮೈಯ ಕೊಬ್ಬಿನಲ್ಲಿ ಸೇರಿ ಕೂರುತ್ತದೆ, ತಿಂದದ್ದರಿಂದಲೂ ಎಲುಬಿನಿಂದಲೂ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರಿಯುತ್ತದೆ ಎಂದರು. ಗಟ್ಟಿಯಾಗಲಿ ಎಂದು ಕುಡಿದದ್ದು ಎಲುಬನ್ನೇ ಸವೆಸುತ್ತಿತ್ತು. ಪುಡಿ, ಮಾತ್ರೆ ಎರಡೂ ಬಂದ್. ಹಾಲು, ಮೊಸರು ಕೆಲವು ತಿಂಗಳು ಬೇಡ. ನೀರು ಚೆನ್ನಾಗಿ ಕುಡಿಯಬೇಕು. ಕ್ಯಾಲ್ಸಿಯಂ ಇಳಿಸಲು ಬೇರೆ ಮಾತ್ರೆ ಕೊಟ್ಟು, ಮತ್ತೆ ಮತ್ತೆ ರಕ್ತ ಪರೀಕ್ಷೆಗೆ ಬರಬೇಕೆಂದು ಹೇಳಿ ಮನೆಗೆ ಕಳಿಸಿದರು.

ಪೂರ್ತಿ ಸರಿಹೋಗಲು ಮುಂದಿನ ದೀಪಾವಳಿಯವರೆಗೆ ಹಿಡಿಯಿತು. ಬಾಯಾರಿಕೆ ಹೋಯಿತು, ಹಸಿವು ಬಂತು, ಮೀನಿನ ವಾಸನೆ ಮತ್ತೆ ಹಿತವಾಯಿತು. ಮೂತ್ರಪಿಂಡಕ್ಕೆ ಸ್ವಲ್ಪ ಪೆಟ್ಟಾಗಿದ್ದರೂ ಉಳಿದುಕೊಂಡಿತು. ಇದರ ಜೊತೆ ಹೊಟ್ಟೆಕಿಚ್ಚೂ ಇಳಿದುಹೋಗಬಹುದೆಂದು ಸರ್ವೋತ್ತಮ ಅಂದುಕೊಂಡಿದ್ದರೆ, ಅದು ಆಗಲಿಲ್ಲ. ಅದರ ಜಾಗ ಬದಲಾಯಿತು, ಅಷ್ಟೇ.

ರಮಿತಾ ಈ ಸುದ್ದಿಯನ್ನು ನೆಂಟರಲ್ಲೆಲ್ಲ ಹರಡುತ್ತಾಳೆಂದು ಜಯಲತಾ ಕಾಯುತ್ತಿದ್ದಳು. ಠಾಣೆಯಲ್ಲಿ ಒಂದು ಮದುವೆಗೆ ಹೋದಾಗ ಹೆಂಗಸರ ಗುಂಪು ನಕ್ಕರೆ ಸಾಕು, ತನ್ನ ವಿಷಯವೇ ಎಂದು ಮೈಯೆಲ್ಲ ಕಿವಿಯಾಗುತ್ತಿತ್ತು. ಆದರೆ ಯಾರಿಗೂ ಏನೂ ಗೊತ್ತಿರಲಿಲ್ಲ. "ಯಾವುದೋ ಮದ್ದು ಮೈಗೆ ಹಿಡಿಸಲಿಲ್ಲವಂತೆ" ಎನ್ನುವುದಷ್ಟೇ ಎಲ್ಲರಿಗೂ ತಿಳಿದಿದ್ದದ್ದು. ರಮಿತಾ ತನ್ನ ಗಂಡನಿಗೂ ಹೆಚ್ಚು ಹೇಳಿರಲಿಲ್ಲ. ತಾನಾಗಿದ್ದರೆ ಇಷ್ಟು ಹೊತ್ತಿಗೆ ಉಡುಪಿಯವರೆಗೆ ಮುಟ್ಟಿಸಿರುತ್ತಿದ್ದೆ ಎಂದು ಜಯಲತಾಳಿಗೆ ಚೆನ್ನಾಗಿ ಗೊತ್ತಿತ್ತು. ಮನೆ, ಕಾರು, ಅತ್ತೆ ಯಾವುದೂ ಇಷ್ಟು ಸುಟ್ಟಿರಲಿಲ್ಲ. ರಮಿತಾ ತನಗಿಂತ ಒಳ್ಳೆಯವಳು ಎನ್ನುವುದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಜನವರಿಯಲ್ಲಿ ಡೊಂಬಿವಲಿಯ ಕನ್ನಡ ಸಂಘದ ಹೆಂಗಸರು ಅರಿಶಿನ ಕುಂಕುಮದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ರಮಿತಾಳೂ ಬಂದಿದ್ದಳು. ಎಳ್ಳುಂಡೆ ತಿನ್ನುತ್ತ ಮಾತು ಮೈಕೈ ನೋವಿನ ಕಡೆ ತಿರುಗಿತು. ಮಾನಮ್ಮ, "ನಾನೂ ಕ್ಯಾಲ್ಸಿಯಂ ಗುಳಿಗಿ ಚಾಲೂ ಮಾಡೀನ್ರೀ, ಕೇಳೂದೇನೈತಿ, ಚಲೋದ ಅಲ್ಲೇನು" ಎಂದಳು.

"ಯಾರಿಗೆ ತೋರಿಸಿ ಶುರು ಮಾಡಿದೆ?" ಎಂದು ಜಯಲತಾ ಕೇಳಿದಳು. ಆಮೇಲೆ, ಯಾಕೆಂದು ಅವಳಿಗೇ ತಿಳಿಯದು, ತನ್ನ ಕತೆಯನ್ನು ತಾನೇ ಹೇಳತೊಡಗಿದಳು. ಪುಡಿ, ಬಾಯಾರಿಕೆ, ಉಪ್ಪಿನ ಚಹಾ, ಠಾಕುರ್ಲಿಯ ಬೆಂಚು, ಕುತ್ತಿಗೆಯ ಗ್ರಂಥಿ, ಎಲುಬಿನ ಸೂಜಿ. ಚೆನ್ನಾಗಿಯೇ ಹೇಳಿದಳು. ಹೆಂಗಸರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು, ನಕ್ಕರು, ಬಾಯಿಗೆ ಕೈ ಇಟ್ಟುಕೊಂಡರು. "ಹಾಗಾದ್ರ ನಾಳೆನ ರಕ್ತ ತೋರಿಸ್ತೀನ್ರೀ" ಎಂದಳು ಮಾನಮ್ಮ. ಅಷ್ಟು ಜನ ತನ್ನನ್ನೇ ನೋಡುತ್ತ ಕುಳಿತದ್ದು ಜಯಲತಾಳಿಗೆ ಎಷ್ಟೋ ವರ್ಷದ ನಂತರ. ಎಲ್ಲವನ್ನೂ ಹೇಳಿದಳು. ಆದರೆ ಪುಡಿಯನ್ನು ಯಾರನ್ನು ನೋಡಿ ಕುಡಿದದ್ದು, ಆಸ್ಪತ್ರೆಯಲ್ಲಿ ಕಾಲಿಗೆ ಎಣ್ಣೆ ಹಚ್ಚಿದವರು ಯಾರು, ಅದನ್ನು ಮಾತ್ರ ಬಿಟ್ಟಳು.

ಹೊರಗೆ ಚಪ್ಪಲಿ ಹುಡುಕುವಾಗ ರಮಿತಾ ಪಕ್ಕಕ್ಕೆ ಬಂದಳು. "ಅಕ್ಕ, ಕತೆಯಲ್ಲಿ ನಾನೇ ಇಲ್ವಲ್ಲ" ಎಂದಳು. ನಗುತ್ತಲೇ ಹೇಳಿದಳು, ಆದರೆ ಆ ದನಿಯಲ್ಲಿ ಸಣ್ಣದೊಂದು ನೋವಿತ್ತು. ಜಯಲತಾ ಅದನ್ನು ಗುರುತಿಸಿದಳು. ಬೊಜ್ಜದ ದಿನ ಬಾಳೆಲೆ ಹಾಸುವಾಗ ತನಗೆ ಆಗಿದ್ದೂ ಇದೇ. ಮೊದಲು ಒಂದು ಗಳಿಗೆ ಹಿತವಾಯಿತು. ಆಮೇಲೆ ಹಿತವಾಗಲಿಲ್ಲ.

"ಸ್ಟೇಷನ್ನಿನವರೆಗೆ ಬರ್ತೇನೆ, ನಡಿ" ಎಂದಳು. ದಾರಿಯಲ್ಲಿ ರಿಕ್ಷಾ ಸ್ಟ್ಯಾಂಡಿನ ಹತ್ತಿರ ಸಂಘದ ಇಬ್ಬರು ಹೆಂಗಸರು ಸಿಕ್ಕಿ, "ಆಮೇಲೆ ಡಾಕ್ಟ್ರಿಗೆ ಹೇಗೆ ಗೊತ್ತಾಯ್ತು, ಅದು ಹೇಳ್ಲೇ ಇಲ್ಲ ನೀವು" ಎಂದು ಕೇಳಿದರು.

"ಇವಳಿಂದ ಗೊತ್ತಾಯ್ತು" ಎಂದಳು ಜಯಲತಾ. "ನನ್ನ ಓರಗಿತ್ತಿ. ಇವಳು ಕುಡಿದದ್ದನ್ನು ಕದ್ದು ನೋಡಿ ನಾನು ಕುಡಿದದ್ದು." ಹೇಳಿ ಮುಗಿಸುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು. ಹೆಂಗಸರಿಬ್ಬರೂ ರಮಿತಾಳ ಕಡೆ ತಿರುಗಿ ಅವಳ ಕೈ ಹಿಡಿದುಕೊಂಡರು. ಜಯಲತಾಳಿಗೆ ಅದನ್ನು ನೋಡಿ ಈಗಲೂ ಚುರುಕ್ ಎಂದಿತು. ಆದರೂ ಅವರ ಮಾತು ಮುಗಿಯುವವರೆಗೆ ಪಕ್ಕದಲ್ಲೇ ನಿಂತಿದ್ದಳು.